ಕಾಲು ಬಂದ ಕ್ಷೇತ್ರ

ಅಟ್ಲಾಂಟಾದಿಂದ ಉತ್ತರಕ್ಕೆ ಜಾರ್ಜಿಯಾ 400 ಹೆದ್ದಾರಿ ಹಿಡಿದು ಹೊರಟರೆ ಸ್ಯಾಂಡಿ ಸ್ಪ್ರಿಂಗ್ಸ್, ಆಲ್ಫರೆಟಾ ದಾಟಿದ ಮೇಲೆ ಫೋರ್ಸೈತ್ ಕೌಂಟಿ ಸಿಗುತ್ತದೆ. ನನ್ನ ಅಕ್ಕನ ಮಗ ಅದರ ದಕ್ಷಿಣ ತುದಿಯಲ್ಲಿ ಮನೆ ಮಾಡಿ ಎಷ್ಟೋ ವರ್ಷವಾಯಿತು. ಹಿತ್ತಲಲ್ಲಿ ತೊಂಡೆ ಚಪ್ಪರ, ಕುಂಡದಲ್ಲಿ ಕರಿಬೇವು. ಹೋದ ಸಲ ಅವನ ಮನೆಯಲ್ಲಿದ್ದಾಗ, ರಾತ್ರಿ ಊಟ ಮುಗಿಸಿ ಕೂತಿದ್ದೆವು. ಮಾತು ಚುನಾವಣೆಯ ಕಡೆ ತಿರುಗಿತು. ಅವನು ಎದ್ದು ಹೋಗಿ ಮೂರು ಮತದಾರರ ಕಾರ್ಡು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ನೋಡಿ ಮಾವ, 2020ರಲ್ಲಿ ನಾನು ಕಾಂಗ್ರೆಸ್ಸಿನ ಏಳನೇ ಕ್ಷೇತ್ರದವನು. 2022ರಲ್ಲಿ ಆರನೆಯದು. 2024ಕ್ಕೆ ಮತ್ತೆ ಏಳು. ನಾನು ಮನೆ ಬದಲಾಯಿಸಿಲ್ಲ."

"ಮತ್ತೆ ಬದಲಾದದ್ದು ಯಾರೋ?"

"ಕ್ಷೇತ್ರಕ್ಕೇ ಕಾಲು ಬಂತು ಮಾವ."

ಆ ಮಾತು ನನ್ನನ್ನು ಬಿಡಲಿಲ್ಲ. ಊರಿಗೆ ಬಂದ ಮೇಲೂ ಆ ಆರನೇ ಕ್ಷೇತ್ರದ ಹಿಂದೆ ಬಿದ್ದೆ. ಓದುತ್ತಾ ಹೋದ ಹಾಗೆ ಗೊತ್ತಾಯಿತು: ಅರ್ಧ ಶತಮಾನದ ಅಮೆರಿಕದ ರಾಜಕೀಯ ಕಲಿಯಬೇಕೆಂದರೆ ಜಾರ್ಜಿಯಾದ ಈ ಒಂದು ಕ್ಷೇತ್ರದ ಕಥೆ ಸಾಕು.

ಮೊದಲು ಒಂದು ಮಾತು. ನಾವು ಮಂಡ್ಯ, ಹಾಸನ, ಚಿಕ್ಕೋಡಿ ಎಂದು ಊರಿನ ಹೆಸರಿಂದ ಕ್ಷೇತ್ರ ಕರೆಯುತ್ತೇವೆ. ಅಲ್ಲಿ ಬರಿಯ ನಂಬರು. ಹೆಸರಿಗೆ ಮಣ್ಣು ಅಂಟಿಕೊಂಡಿರುತ್ತದೆ; ನಂಬರನ್ನು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಅಲ್ಲಿ ಪ್ರತಿನಿಧಿ ಸಭೆಗೆ 435 ಸ್ಥಾನ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಆಯಾ ರಾಜ್ಯಕ್ಕೆ ಬಂದ ಸ್ಥಾನಗಳನ್ನು ನಕ್ಷೆಯ ಮೇಲೆ ಹಂಚಿ ಗೆರೆ ಎಳೆಯುವುದು ಬಹುತೇಕ ಕಡೆ ಆ ರಾಜ್ಯದ ಶಾಸಕರೇ. ಹೊಲದ ಬದು ಹಾಕುವ ಕೆಲಸವನ್ನು ಪಾಲುದಾರರಲ್ಲಿ ಒಬ್ಬನಿಗೇ ವಹಿಸಿಕೊಟ್ಟ ಹಾಗೆ.

ಇದು ಹೊಸ ಕಾಯಿಲೆಯೂ ಅಲ್ಲ. 1812ರಲ್ಲಿ ಮಸಾಚುಸೆಟ್ಸ್ ರಾಜ್ಯಪಾಲ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸೊಟ್ಟಸೊಟ್ಟಗೆ ಹಬ್ಬಿಕೊಂಡಿತ್ತು. ಪತ್ರಿಕೆಯವರು ಅದಕ್ಕೆ ಉಗುರು, ರೆಕ್ಕೆ ಬರೆದು ಸಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿಗೆ ಹೋಲಿಸಿದರು. ಗೆರಿಯ ಹೆಸರೂ ಸಲಮಾಂಡರ್‌ನ ಬಾಲವೂ ಸೇರಿ 'ಗೆರಿಮ್ಯಾಂಡರ್' ಎಂಬ ಶಬ್ದವಾಯಿತು. ಆತ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು, ಮುಂದೆ ದೇಶದ ಉಪಾಧ್ಯಕ್ಷನಾದವನು. ಜನರ ನೆನಪಿನಲ್ಲಿ ಉಳಿದದ್ದು ಆ ಗೆರೆ ಮಾತ್ರ.

ಜಾರ್ಜಿಯಾಕ್ಕೆ ಬರೋಣ. 1960ರ ಜನಗಣತಿಯ ಹೊತ್ತಿಗೆ ಅಟ್ಲಾಂಟಾ ನಗರವನ್ನೂ ಅದರ ಹೊರವಲಯವನ್ನೂ ಒಳಗೊಂಡ ಐದನೇ ಕ್ಷೇತ್ರದಲ್ಲಿ 8,23,680 ಜನರಿದ್ದರು. ಅದೇ ರಾಜ್ಯದ ಒಂಬತ್ತನೇ ಕ್ಷೇತ್ರದಲ್ಲಿ 2,72,154. ಇಬ್ಬರಿಗೂ ಒಬ್ಬೊಬ್ಬರೇ ಪ್ರತಿನಿಧಿ. ಹಳ್ಳಿಗಾಡಿನವನ ಒಂದು ಓಟು ನಗರದವನ ಮೂರು ಓಟಿಗೆ ಸಮ. ಐದನೇ ಕ್ಷೇತ್ರದ ಮತದಾರರು ಕೋರ್ಟಿಗೆ ಹೋದರು. 1964ರಲ್ಲಿ 'ವೆಸ್‌ಬೆರಿ ವಿರುದ್ಧ ಸ್ಯಾಂಡರ್ಸ್' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಬ್ಬರ ಓಟು ಸಾಧ್ಯವಾದಷ್ಟೂ ಇನ್ನೊಬ್ಬರ ಓಟಿನಷ್ಟೇ ತೂಗಬೇಕು ಎಂದು ತೀರ್ಪು ಕೊಟ್ಟಿತು. ಅಮೆರಿಕದ ಉಪನಗರಗಳಿಗೆ ರಾಜಕೀಯದಲ್ಲಿ ಬೆಲೆ ಬಂದದ್ದು ಆಮೇಲೆ. ಅಟ್ಲಾಂಟಾ ಸುತ್ತಮುತ್ತಲಿನ ಜನ ಹೂಡಿದ ದಾವೆಯಿಂದಲೇ ಇಡೀ ದೇಶಕ್ಕೆ ಆ ನ್ಯಾಯ ಸಿಕ್ಕಿತು. ಆದರೆ ಕೋರ್ಟು ಸಮ ಮಾಡಿದ್ದು ತಲೆಯೆಣಿಕೆಯನ್ನು. ಗೆರೆ ಯಾರ ಮನೆಯ ಮುಂದೆ ಹಾಯಬೇಕು ಎಂಬ ಅಧಿಕಾರ ಮೊದಲಿನವರ ಕೈಯಲ್ಲೇ ಉಳಿಯಿತು.

ಆಗ ಆರನೇ ಕ್ಷೇತ್ರ ಇದ್ದದ್ದು ನನ್ನ ಅಳಿಯನ ಮನೆಯ ಕಡೆ ಅಲ್ಲ, ಅಟ್ಲಾಂಟಾದ ದಕ್ಷಿಣ ಮತ್ತು ಪಶ್ಚಿಮಕ್ಕೆ. ಅಲ್ಲಿಯ ಕ್ಯಾರಲ್‌ಟನ್ ಊರಿನ ಕಾಲೇಜಿನಲ್ಲಿ ಒಬ್ಬ ತರುಣ ಮೇಷ್ಟ್ರಿದ್ದ. ಬೆಲ್ಜಿಯಂ ಸರ್ಕಾರ ಕಾಂಗೋದಲ್ಲಿ ನಡೆಸಿದ ಶಿಕ್ಷಣ ನೀತಿಯ ಮೇಲೆ ಡಾಕ್ಟರೇಟ್ ಪಡೆದು ಇತಿಹಾಸ ಪಾಠ ಮಾಡುತ್ತಿದ್ದವನು. ಹೆಸರು ನ್ಯೂಟ್ ಗಿಂಗ್ರಿಚ್. 1974ರಲ್ಲಿ ರಿಪಬ್ಲಿಕನ್ ಆಗಿ ನಿಂತು, ಬಹುಕಾಲದ ಡೆಮಾಕ್ರಟಿಕ್ ಸದಸ್ಯ ಜಾಕ್ ಫ್ಲಿಂಟ್ ಎದುರು ಸೋತ. 1976ರಲ್ಲಿ ಮತ್ತೆ ಸೋತ. ಫ್ಲಿಂಟ್ ನಿವೃತ್ತರಾದ ಮೇಲೆ 1978ರಲ್ಲಿ ಗೆದ್ದ. ದಕ್ಷಿಣದ ರಾಜ್ಯಗಳಲ್ಲಿ ನೂರು ವರ್ಷ ಡೆಮಾಕ್ರಟರದ್ದೇ ಕಾರುಬಾರು. ಆ ಕೋಟೆಯಲ್ಲಿ ಬಿರುಕು ಬಿಡುತ್ತಿದ್ದ ಕಾಲ ಅದು. 1990ರಲ್ಲಿ ಅದೇ ಗಿಂಗ್ರಿಚ್ ಬರೀ 974 ಮತದಿಂದ ಬಚಾವಾದ.

ಆ ಹೊತ್ತಿಗೆ ಹೊಸ ಜನಗಣತಿ ಬಂತು. ರಾಜ್ಯದ ಶಾಸನಸಭೆ ಡೆಮಾಕ್ರಟರದು. ಅಲ್ಲಿಯ ಸ್ಪೀಕರ್ ಟಾಮ್ ಮರ್ಫಿ ಸುಮಾರು ಮೂರು ದಶಕ ಆ ಕುರ್ಚಿಯಲ್ಲಿ ಕೂತವರು, ಅವರ ಊರು ಗಿಂಗ್ರಿಚ್‌ನ ಕ್ಷೇತ್ರದಲ್ಲೇ. ಅವರ ನೇತೃತ್ವದಲ್ಲಿ ಆರನೇ ಕ್ಷೇತ್ರವನ್ನು ತುಂಡು ತುಂಡು ಮಾಡಿ ಅಕ್ಕಪಕ್ಕದವಕ್ಕೆ ಹಂಚಿ, ಆ ನಂಬರನ್ನು ಅಟ್ಲಾಂಟಾದ ಉತ್ತರದ ಉಪನಗರಗಳಿಗೆ ಒಯ್ದು ನೆಟ್ಟರು. ಗಿಂಗ್ರಿಚ್‌ನ ಕಾಲ ಕೆಳಗಿನ ನೆಲ ಹೋಯಿತು. ಆತ ಕಾಬ್ ಕೌಂಟಿಗೆ ಮನೆ ಬದಲಾಯಿಸಿದ. 1992ರಲ್ಲಿ ಪಕ್ಷದೊಳಗಿನ ಪ್ರೈಮರಿಯಲ್ಲಿ 980 ಮತದಿಂದ ಟಿಕೆಟ್ ದಕ್ಕಿಸಿಕೊಂಡ. ಆಮೇಲೆ ಆ ಹೊಸ ನೆಲದಲ್ಲಿ ಅವನನ್ನು ಅಲುಗಾಡಿಸುವವರು ಯಾರೂ ಇರಲಿಲ್ಲ.

ಕಾಬ್ ಕೌಂಟಿಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಎರಡನೇ ಮಹಾಯುದ್ಧದಲ್ಲಿ ಮರಿಯೆಟಾದಲ್ಲಿ ಬಾಂಬರ್ ವಿಮಾನದ ಕಾರ್ಖಾನೆ ಬಂತು, ಅದು ಮುಂದೆ ಲಾಕ್‌ಹೀಡ್ ಕೈಗೆ ಹೋಯಿತು. ಸರ್ಕಾರದ ದುಡ್ಡಿನಲ್ಲಿ ಹೆದ್ದಾರಿಗಳು ಬಂದವು. ಶಾಲೆಗಳಲ್ಲಿ ಕರಿಯರು ಬಿಳಿಯರು ಒಟ್ಟಿಗೆ ಕೂರಬೇಕು ಎಂದಾದಾಗ ಅಟ್ಲಾಂಟಾದ ಬಿಳಿಯರು ಸಾಲುಸಾಲಾಗಿ ಉತ್ತರಕ್ಕೆ ಹೊರಟರು. 1965ರಲ್ಲಿ ನಗರದ ಸಾರಿಗೆ ಸಂಸ್ಥೆಯಾದ ಮಾರ್ಟಾಕ್ಕೆ ಸೇರುವುದೋ ಬೇಡವೋ ಎಂದು ಜನಮತ ಕೇಳಿದರೆ ಕಾಬ್ ಬೇಡವೆಂದಿತು. ನಗರದಿಂದ ದೂರ ಇರಬೇಕೆಂದೇ ಬಂದವರ ನೆಲ ಅದು. ಅಂಥ ನೆಲಕ್ಕೆ ಆರನೇ ನಂಬರು ಬಂದಾಗ ಅದು ರಿಪಬ್ಲಿಕನ್ನರ ಕಲ್ಲುಕೋಟೆಯಾದದ್ದು ಆಶ್ಚರ್ಯವಲ್ಲ.

1994ರಲ್ಲಿ 'ಅಮೆರಿಕದೊಂದಿಗೆ ಒಪ್ಪಂದ' ಎಂಬ ಘೋಷಣೆಯೊಡನೆ ಗಿಂಗ್ರಿಚ್ ಪಕ್ಷವನ್ನು ಗೆಲ್ಲಿಸಿದ. ರಿಪಬ್ಲಿಕನ್ನರಿಗೆ ಒಂದೇ ಏಟಿಗೆ 54 ಸ್ಥಾನ ಹೆಚ್ಚಿತು, 40 ವರ್ಷದ ಮೇಲೆ ಸಭೆ ಅವರ ಕೈಗೆ ಬಂತು. 1995ರ ಜನವರಿಯಲ್ಲಿ ಆತ ಇಡೀ ದೇಶದ ಪ್ರತಿನಿಧಿ ಸಭೆಯ ಸ್ಪೀಕರ್. ಯಾರನ್ನು ಮನೆಗೆ ಕಳಿಸಲು ಗೆರೆ ಎಳೆದರೋ ಅವನಿಗೇ ಆ ಗೆರೆ ಭದ್ರವಾದ ಕ್ಷೇತ್ರ ಕೊಟ್ಟಿತು. ನಕ್ಷೆ ಬರೆಯುವವರು ನೆನಪಿಡಬೇಕಾದ ಮೊದಲ ಪಾಠ ಇದು.

1998ರ ಚುನಾವಣೆಯ ಹಿನ್ನಡೆಯ ನಂತರ ಗಿಂಗ್ರಿಚ್ ಕೆಳಗಿಳಿದ. 1999ರ ಉಪಚುನಾವಣೆಯಲ್ಲಿ ಜಾನಿ ಐಸಾಕ್‌ಸನ್ ಬಂದರು, ಅವರು 2004ರಲ್ಲಿ ಸೆನೆಟ್‌ಗೆ ಆಯ್ಕೆಯಾದಾಗ ಮೂಳೆ ವೈದ್ಯ ಟಾಮ್ ಪ್ರೈಸ್ ಬಂದರು. ಮೇಲ್ನೋಟಕ್ಕೆ ಏನೂ ಬದಲಾಗಲಿಲ್ಲ. ಆದರೆ ಒಳಗೊಳಗೆ ಊರು ಬದಲಾಗುತ್ತಿತ್ತು. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮವರು, ಕೊರಿಯಾದವರು, ಲ್ಯಾಟಿನ್ ಅಮೆರಿಕದವರು, ನಗರದಿಂದ ಬಂದ ಕರಿಯರ ಮಧ್ಯಮ ವರ್ಗ, ಹೆಚ್ಚು ಓದಿದ ಹೊಸ ತಲೆಮಾರು. 2012ರಲ್ಲಿ ಅಟ್ಲಾಂಟಾದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ನಡೆಯುವಷ್ಟು ಕನ್ನಡಿಗರು ಆ ಸೀಮೆಯಲ್ಲಿ ನೆಲೆಯಾಗಿದ್ದರು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ಆರನೇ ಕ್ಷೇತ್ರದಲ್ಲಿ ಪಡೆದ ಮುನ್ನಡೆ ಶೇ 23. ನಾಲ್ಕೇ ವರ್ಷದಲ್ಲಿ ಡೊನಾಲ್ಡ್ ಟ್ರಂಪ್ ಮುನ್ನಡೆ ಶೇ 1.5ಕ್ಕೆ ಇಳಿಯಿತು.

2017ರಲ್ಲಿ ಪ್ರೈಸ್ ಆರೋಗ್ಯ ಸಚಿವರಾದರು, ಉಪಚುನಾವಣೆ ಬಂತು. 18 ಜನ ಕಣದಲ್ಲಿ. 30 ವರ್ಷದ ಡೆಮಾಕ್ರಟ್ ಜಾನ್ ಆಸಫ್ ಏಪ್ರಿಲ್‌ನಲ್ಲಿ ಶೇ 48.1 ಮತ ಪಡೆದರು. ಅರ್ಧ ದಾಟದ್ದರಿಂದ ಜೂನ್ 20ಕ್ಕೆ ಎರಡನೇ ಸುತ್ತು. ರಿಪಬ್ಲಿಕನ್ನರ ಕ್ಯಾರೆನ್ ಹ್ಯಾಂಡೆಲ್ ಶೇ 51.8 ಪಡೆದು ಗೆದ್ದು, ಜಾರ್ಜಿಯಾದಿಂದ ಪ್ರತಿನಿಧಿ ಸಭೆಗೆ ಹೋದ ಮೊದಲ ರಿಪಬ್ಲಿಕನ್ ಮಹಿಳೆಯಾದರು. ಎರಡೂ ಕಡೆಯಿಂದ ಸುರಿದ ಹಣ 5 ಕೋಟಿ ಡಾಲರ್‌ಗೂ ಮೀರಿತ್ತು. ಅಲ್ಲಿಯವರೆಗೆ ಪ್ರತಿನಿಧಿ ಸಭೆಯ ಯಾವ ಸ್ಥಾನಕ್ಕೂ ಅಷ್ಟು ಖರ್ಚಾಗಿರಲಿಲ್ಲ. ಆಸಫ್ ಕ್ಷೇತ್ರದ ಗೆರೆಯಿಂದ ಸ್ವಲ್ಪ ಆಚೆ ವಾಸವಾಗಿದ್ದರು, ಅದನ್ನೇ ಎದುರಾಳಿಗಳು ಎತ್ತಿ ಆಡಿದರು. ನಂಬರೇ ಊರಿಂದೂರಿಗೆ ಅಲೆದ ಕ್ಷೇತ್ರದಲ್ಲಿ ಅಭ್ಯರ್ಥಿಯ ಮನೆ ಗೆರೆಯ ಯಾವ ಬದಿಗೆ ಎಂಬುದು ಅಷ್ಟು ದೊಡ್ಡ ಮಾತಾಯಿತು. ಅದೇ ಆಸಫ್ 2021ರ ಜನವರಿಯಲ್ಲಿ ಸೆನೆಟ್ ಸದಸ್ಯರಾದರು.

ಈ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಒಬ್ಬ ತಾಯಿಯ ಹತ್ತಿರ. ಲೂಸಿ ಮೆಕ್‌ಬಾತ್ ವಿಮಾನದ ಗಗನಸಖಿಯಾಗಿ ಕೆಲಸ ಮಾಡಿದವರು. 2012ರ ನವೆಂಬರ್‌ನಲ್ಲಿ ಅವರ 17 ವರ್ಷದ ಮಗ ಜೋರ್ಡನ್ ಡೇವಿಸ್, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಪೆಟ್ರೋಲ್ ಬಂಕಿನ ಮುಂದೆ ಗೆಳೆಯರೊಡನೆ ಕಾರಿನಲ್ಲಿದ್ದ. ಹಾಡಿನ ಸದ್ದು ಜಾಸ್ತಿಯಾಯಿತೆಂದು ಜಗಳ ತೆಗೆದವನೊಬ್ಬ ಗುಂಡು ಹಾರಿಸಿ ಕೊಂದ. ಆ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ಆಕೆ ಬಂದೂಕು ಕಾನೂನಿನ ಹೋರಾಟಕ್ಕೆ ಇಳಿದರು. 2018ರಲ್ಲಿ ಇದೇ ಆರನೇ ಕ್ಷೇತ್ರದಲ್ಲಿ ಹ್ಯಾಂಡೆಲ್ ಎದುರು ಒಂದು ಶೇಕಡಾದಷ್ಟು ಅಂತರದಲ್ಲಿ ಗೆದ್ದರು. ಕರಿಯರಿಂದ ದೂರ ಇರಲೆಂದು ಬಿಳಿಯರು ಕಟ್ಟಿಕೊಂಡ ಉಪನಗರಗಳು, ಗಿಂಗ್ರಿಚ್ ಕೂತ ಜಾಗಕ್ಕೆ ಒಬ್ಬ ಕರಿಯ ತಾಯಿಯನ್ನು ಕಳಿಸಿದವು. 2020ರಲ್ಲಿ ಅಂತರ ಇನ್ನೂ ಹಿಗ್ಗಿತು. ಗೆರೆಗಿಂತ ಮನುಷ್ಯ ದೊಡ್ಡವನು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಆದರೆ ಗೆರೆ ಸುಮ್ಮನಿರಲಿಲ್ಲ. ಈ ಸಲ ಶಾಸನಸಭೆ ರಿಪಬ್ಲಿಕನ್ನರದು. 1991ರಲ್ಲಿ ಡೆಮಾಕ್ರಟರು ಮಾಡಿದ್ದನ್ನೇ 2021ರಲ್ಲಿ ಇವರು ಮಾಡಿದರು. ಆರನೇ ಕ್ಷೇತ್ರವನ್ನು ಇನ್ನೂ ಉತ್ತರಕ್ಕೆ ಎಳೆದು ಫೋರ್ಸೈತ್, ಡಾಸನ್ ಕೌಂಟಿಗಳನ್ನು ಸೇರಿಸಿದರು. ನನ್ನ ಅಳಿಯ ಆರನೆಯವನಾದದ್ದು ಹೀಗೆ. ಮೆಕ್‌ಬಾತ್ ಏಳನೇ ಕ್ಷೇತ್ರಕ್ಕೆ ಹೋಗಿ, ಪ್ರೈಮರಿಯಲ್ಲಿ ತಮ್ಮದೇ ಪಕ್ಷದ ಸದಸ್ಯೆ ಕ್ಯಾರೊಲಿನ್ ಬೋರ್ಡೊ ಅವರನ್ನು ಸೋಲಿಸಬೇಕಾಯಿತು. ಆರರಲ್ಲಿ ರಿಪಬ್ಲಿಕನ್ ಆದ ರಿಚ್ ಮೆಕ್‌ಕಾರ್ಮಿಕ್ ಗೆದ್ದರು.

ಫೋರ್ಸೈತ್ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. 1912ರಲ್ಲಿ ಆ ಕೌಂಟಿಯಿಂದ ಸಾವಿರಕ್ಕೂ ಹೆಚ್ಚು ಕರಿಯರನ್ನು ಬೆದರಿಸಿ ಓಡಿಸಿದರು. ದಶಕಗಳ ಕಾಲ ಒಬ್ಬರಿಗೂ ಅಲ್ಲಿ ನೆಲೆಯಿರಲಿಲ್ಲ. 1987ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೊಸಿಯಾ ವಿಲಿಯಮ್ಸ್ ಮುಂದಾಳತ್ವದ ಸಣ್ಣ ಮೆರವಣಿಗೆಯ ಮೇಲೆ ಕಲ್ಲು ಬಿದ್ದವು. ಒಂದು ವಾರದೊಳಗೆ ಸುಮಾರು 20,000 ಜನ ಅದೇ ದಾರಿಯಲ್ಲಿ ನಡೆದರು. ಇವತ್ತು ಆ ಬೀದಿಗಳಲ್ಲಿ ಭಾರತೀಯರ ಮನೆಗಳು ಸಾಲಾಗಿವೆ. ನಮ್ಮ ಹುಡುಗ ತೊಂಡೆ ಚಪ್ಪರ ಹಾಕಿಕೊಂಡು ನೆಮ್ಮದಿಯಾಗಿರುವುದು ಅಂದು ಕಲ್ಲಿನೇಟು ತಿಂದವರ ಋಣ. ಅದನ್ನು ಅವನಿಗೆ ಹೇಳಿದೆ.

ಮುಂದೆ 2023ರ ಅಕ್ಟೋಬರ್‌ನಲ್ಲಿ ಫೆಡರಲ್ ನ್ಯಾಯಾಧೀಶ ಸ್ಟೀವ್ ಜೋನ್ಸ್, ಈ ನಕ್ಷೆ ಮತದಾನ ಹಕ್ಕಿನ ಕಾಯಿದೆಗೆ ವಿರುದ್ಧ, ಅಟ್ಲಾಂಟಾದ ಪಶ್ಚಿಮಕ್ಕೆ ಕರಿಯರು ಬಹುಸಂಖ್ಯಾತರಾದ ಇನ್ನೊಂದು ಕ್ಷೇತ್ರ ಬೇಕು ಎಂದು ಆದೇಶಿಸಿದರು. ಶಾಸಕರು ಡಿಸೆಂಬರ್‌ನಲ್ಲಿ ಮತ್ತೆ ಬರೆದರು. ಆ ಹೊಸ ಕ್ಷೇತ್ರಕ್ಕೆ ಆರನೇ ನಂಬರು ಕೊಟ್ಟರು, ಮೆಕ್‌ಬಾತ್ ಅವರ ಏಳನೇ ಕ್ಷೇತ್ರವನ್ನು ಒಡೆದು ಉತ್ತರಕ್ಕೆ ಸಾಗಿಸಿದರು. 2024ರಲ್ಲಿ ಮೆಕ್‌ಬಾತ್ ಆರಕ್ಕೆ ಮರಳಿ ಗೆದ್ದರು, ಮೆಕ್‌ಕಾರ್ಮಿಕ್ ಏಳಕ್ಕೆ ಹೋಗಿ ಗೆದ್ದರು. ಹೊಸ ಆರರಲ್ಲಿ ಫೇಯೆಟ್ ಕೌಂಟಿಯ ಭಾಗವಿದೆ. ಗಿಂಗ್ರಿಚ್‌ನ ಹಳೆಯ ಆರರಲ್ಲೂ ಫೇಯೆಟ್ ಇತ್ತು. ಮೂವತ್ತು ವರ್ಷ ಅಲೆದ ನಂಬರು ಹಳೆಯ ಹಟ್ಟಿಯ ಹತ್ತಿರಕ್ಕೇ ಬಂದು ನಿಂತಿದೆ.

ಇದೆಲ್ಲ ಓದಿ ನನಗೆ ತಿಳಿದದ್ದು ಇಷ್ಟು. ಗೆರೆ ಎಳೆದವರು ಬಯಸಿದ ಫಲ ಬಹುಕಾಲ ಉಳಿಯುವುದಿಲ್ಲ. ಜನ ಬದಲಾಗುತ್ತಾರೆ, ಲೆಕ್ಕ ತಪ್ಪುತ್ತದೆ. ಆದರೆ ಪ್ರತಿ ಸಲವೂ ಒಂದು ನಷ್ಟ ಖಂಡಿತ. ಅದು ಪರಿಚಯದ ನಷ್ಟ. ನಮ್ಮ ರಸ್ತೆಗೆ, ಶಾಲೆಗೆ, ವೀಸಾದ ತೊಡಕಿಗೆ ಯಾರ ಬಾಗಿಲು ತಟ್ಟಬೇಕು ಎಂಬ ತಿಳಿವಳಿಕೆ, ಪ್ರತಿನಿಧಿಗೆ ನಮ್ಮ ಮುಖದ ನೆನಪು, ಐದಾರು ವರ್ಷದಲ್ಲಿ ಬೆಳೆಯುವ ದಾಕ್ಷಿಣ್ಯ, ಇವೆಲ್ಲ ಗೆರೆಯೊಡನೆ ಅಳಿಸಿಹೋಗುತ್ತವೆ. ಮೂರು ಕಾರ್ಡು ತಂದು ಇಟ್ಟಾಗ ನನ್ನ ಅಳಿಯನ ದನಿಯಲ್ಲಿದ್ದದ್ದು ಆ ಬೇಸರ.

ನಮ್ಮಲ್ಲಿ ಗೆರೆ ಎಳೆಯುವುದು ಶಾಸಕರಲ್ಲ, ಸುಪ್ರೀಂ ಕೋರ್ಟ್‌ನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೊಬ್ಬರು ಮುಖ್ಯಸ್ಥರಾಗಿರುವ ಕ್ಷೇತ್ರ ಪುನರ್ವಿಂಗಡಣಾ ಆಯೋಗ. 2008ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂದದ್ದು ಆ ವ್ಯವಸ್ಥೆಯಲ್ಲಿ. ಕರಡು ಪ್ರಕಟಿಸಬೇಕು, ಜನರ ಆಕ್ಷೇಪಣೆ ಕೇಳಬೇಕು ಎಂದು ನಮ್ಮ ಕಾನೂನು ಹೇಳುತ್ತದೆ. ಗೆರೆ ಶಾಸಕರ ಕೈಯಲ್ಲಿ ಇಲ್ಲದಿರುವುದು ಅಮೆರಿಕದ ಬಹುಪಾಲು ಜನಕ್ಕೆ ಇಲ್ಲದ ಭಾಗ್ಯ. ಮುಂದೆ ಕರಡು ನಕ್ಷೆ ಬಂದಾಗ ದಯವಿಟ್ಟು ಬಿಡಿಸಿ ನೋಡಿ. ನಿಮ್ಮ ಬೀದಿ ಯಾವ ಬಣ್ಣದೊಳಗಿದೆ, ನಿಮ್ಮ ಸಂತೆಯ ಊರು, ಮಕ್ಕಳ ಶಾಲೆ, ಕೆರೆಯ ಅಚ್ಚುಕಟ್ಟು ಗೆರೆಯ ಯಾವ ಬದಿಗೆ ಬಿದ್ದಿವೆ ಹುಡುಕಿ. ತಪ್ಪು ಕಂಡರೆ ಕೊಟ್ಟ ಗಡುವಿನೊಳಗೆ ಬರೆದು ಕಳಿಸಿ.