ಪುಟ ಸಂಖ್ಯೆ 420

ಸಾಲಿಸಿಟರ್ ಆಫೀಸಿನಲ್ಲಿ ಕೆಲಸ ಎಂದರೆ ಸಾಕು, ಊರಿನವರು ನನ್ನನ್ನು ಅರ್ಧ ವಕೀಲೆ ಎಂದೇ ತಿಳಿದುಬಿಟ್ಟಿದ್ದಾರೆ. ರಜೆಗೆ ಕುಂದಾಪುರಕ್ಕೆ ಹೋದರೆ ಗಡಿ ತಕರಾರಿನ ಕಾಗದಪತ್ರ ಹಿಡಿದು ಜಗಲಿಗೆ ಬಂದು ಕೂರುವವರೂ ಇದ್ದಾರೆ. ಮುಂಬೈಯ ಫೋರ್ಟಿನ ಆ ಆಫೀಸಿನಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಮಾಡುತ್ತಿರುವುದು ಟೈಪಿಂಗು, ಫೈಲಿಂಗು, ಮತ್ತು ಪುಟಗಳಿಗೆ ನಂಬರು ಹಾಕುವುದು ಎಂದರೆ ಅವರು ನಂಬುವುದಿಲ್ಲ.

ನಂಬರು ಹಾಕುವುದೇನೂ ಸಣ್ಣ ಕೆಲಸವಲ್ಲ ಬಿಡಿ. ಒಂದು ಕಂಪನಿ ಇನ್ನೊಂದರ ಮೇಲೆ ದಾವೆ ಹಾಕಿತೆಂದರೆ ಆರುನೂರು, ಎಂಟುನೂರು ಪುಟಗಳ ಕಟ್ಟು, ಅಂಥವು ನಾಲ್ಕಾರು ಪ್ರತಿ. ನಾನು ಸೇರಿದಾಗ ಅದಕ್ಕೆಂದು ಕಬ್ಬಿಣದ ನಂಬರಿಂಗ್ ಮಷೀನು ಇತ್ತು. ಅದರ ತಲೆಗೆ ಗುದ್ದಿದರೆ ಕಾಗದದ ಮೇಲೆ ಒಂದು ಅಂಕಿ ಬೀಳುತ್ತಿತ್ತು, ಒಳಗಿನ ಚಕ್ರ ಕಟ್ಟೆಂದು ಮುಂದಕ್ಕೆ ಹೊರಳುತ್ತಿತ್ತು. ಸಂಜೆಯ ಹೊತ್ತಿಗೆ ಅಂಗೈ ಕೆಂಪಾಗುತ್ತಿತ್ತು. ಅದನ್ನು ನನಗೆ ಕಲಿಸಿಕೊಟ್ಟವರು ಆಫೀಸಿನ ಪ್ಯೂನ್, ಸತಾರಾ ಕಡೆಯವರು, ಎಲ್ಲರ ಬಾಯಲ್ಲೂ ಮಾಮಾ. ನೂರೆಂಟನೇ ಪುಟ ಬಂದಾಗ ಮಾಮಾ ಮಷೀನನ್ನು ಕೆಳಗಿಟ್ಟು ಕೈ ಮುಗಿಯುತ್ತಿದ್ದರು. 786 ಬಂದರೆ ಕೆಲಸ ನಿಲ್ಲಿಸಿ ಚಹಾ. "ದೊಡ್ಡವರ ನಂಬರು ಮ್ಯಾಡಮ್, ಗೌರವ ಕೊಡಬೇಕು," ಎನ್ನುವುದು ಅವರ ವಾದ. ಚಹಾಕ್ಕೆ ಇದಕ್ಕಿಂತ ಒಳ್ಳೆಯ ನೆಪ ನಾನು ಈತನಕ ಕಂಡಿಲ್ಲ.

ಆದರೆ ಅವರ ನಿಜವಾದ ಖುಷಿ ಇದ್ದದ್ದು 420ರಲ್ಲಿ. ನಾನ್ನೂರ ಹತ್ತು ದಾಟುತ್ತಿದ್ದಂತೆ ಮಷೀನಿನ ಸದ್ದು ನಿಧಾನವಾಗುತ್ತಿತ್ತು. ಪಕ್ಕದ ಟೇಬಲ್ಲಿನವರು ಕುತ್ತಿಗೆ ಉದ್ದ ಮಾಡುತ್ತಿದ್ದರು. 420 ಯಾರ ಕಾಗದದ ಮೇಲೆ ಬೀಳುತ್ತದೆ? ಎದುರು ಪಾರ್ಟಿಯ ಪತ್ರದ ಮೇಲೆ ಬಿದ್ದರೆ "ಕೇಸು ನಮ್ಮದೇ" ಎಂದು ಮಾಮಾ ಅಲ್ಲೇ ತೀರ್ಪು ಕೊಡುತ್ತಿದ್ದರು. ನಮ್ಮ ಕಕ್ಷಿದಾರನ ಕಾಗದಕ್ಕೇ ಬಿದ್ದರೆ ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ, "ಮ್ಯಾಡಮ್, ಇಂಡೆಕ್ಸನ್ನು ಇನ್ನೊಂದು ಪುಟ ಉದ್ದ ಮಾಡೋಣವೇ?" ಒಮ್ಮೆ ಮಾತ್ರ, ಯಾವುದೋ ಖರ್ಚುವೆಚ್ಚದ ತಗಾದೆಯ ಫೈಲಿನಲ್ಲಿ, 420 ನೇರವಾಗಿ ನಮ್ಮದೇ ಆಫೀಸಿನ ಬಿಲ್ಲಿನ ಮೇಲೆ ಹೋಗಿ ಕೂತಿತು. ಆ ಮಧ್ಯಾಹ್ನ ಇಡೀ ಹಾಲು ನಕ್ಕ ನಗುವಿಗೆ ಹಿರಿಯ ಪಾಲುದಾರರು ಕ್ಯಾಬಿನ್ನಿನಿಂದ ಹೊರಗೆ ಬಂದು "ಏನಾಯಿತು?" ಎಂದು ಕೇಳಿದರು. ಏನೆಂದು ಹೇಳುವುದು!

ಈಗ ಆ ನಗುವಿಗೂ ಕುತ್ತು ಬಂದಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರಲ್ಲಿ ವಂಚನೆಗೆ 318ನೇ ಕಲಮು. 318 ಎಂದರೆ ಯಾರಿಗೆ ನಗು ಬರುತ್ತದೆ? 1955ರಲ್ಲಿ ರಾಜ್ ಕಪೂರ್ ಸಿನಿಮಾಕ್ಕೇ ಆ ಹೆಸರು ಇಟ್ಟಿದ್ದರು. ಅದಕ್ಕೂ ಮುಂಚಿನಿಂದ ಜನರ ಬಾಯಲ್ಲಿ ಸವೆದು ನುಣುಪಾದ ಬೈಗುಳ ಅದು. ಕಾನೂನು ಬದಲಿಸುವವರು ಶಿಕ್ಷೆಯ ಬಗ್ಗೆ ಯೋಚಿಸಿರುತ್ತಾರೆ, ನಂಬರು ಹಾಕುವವರ ಬಗ್ಗೆ ಯಾರು ಯೋಚಿಸುತ್ತಾರೆ? ಹೊಸದಾಗಿ ಸೇರಿದ ಹುಡುಗಿಗೆ 420ರ ಸ್ವಾರಸ್ಯ ನಾನೇ ವಿವರಿಸಬೇಕಾಯಿತು. ವಿವರಿಸಿದ ಮೇಲೆ ಜೋಕು ಎಲ್ಲಿ ಉಳಿಯುತ್ತದೆ.

ಕೋರ್ಟಿನ ಭಾಷೆಯೂ ಹಾಗೆಯೇ, ಬಹಳ ದಿನ ಟೈಪು ಮಾಡಿದರೆ ಮೈಗೆ ಅಂಟಿಕೊಳ್ಳುತ್ತದೆ. ಅಫಿಡವಿಟ್ಟಿನಲ್ಲಿ ಯಾರೂ ಸುಮ್ಮನೆ ಏನನ್ನೂ ಹೇಳುವ ಹಾಗಿಲ್ಲ, ಸತ್ಯಪ್ರತಿಜ್ಞೆ ಮಾಡಿಯೇ ಹೇಳಬೇಕು. ಹಾಗಾಗಿ ಬೆಳಿಗ್ಗೆ ಹತ್ತೂವರೆಗೆ ನಾನೂ ಮನಸ್ಸಿನಲ್ಲೇ ಟೈಪು ಮಾಡುತ್ತೇನೆ: ಈ ಮೂಲಕ ಸತ್ಯಪ್ರತಿಜ್ಞೆ ಮಾಡಿ ಹೇಳುವುದೇನೆಂದರೆ, ಇಂದಿನ ಚಹಾದಲ್ಲಿ ಶುಂಠಿ ಇಲ್ಲ. ಡೊಂಬಿವಲಿಯ ಮನೆಯಲ್ಲಂತೂ ಈ ಭಾಷೆ ಇಲ್ಲದೆ ಸಂಸಾರವೇ ನಡೆಯುವುದಿಲ್ಲ. ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದರೆ ನಮ್ಮ ಮನೆಯವರು, "ವಾದಿಯು 4ನೇ ಪ್ಯಾರಾದಲ್ಲಿ ಹೇಳಿರುವುದೆಲ್ಲ ಸುಳ್ಳು, ಕಲ್ಪಿತ, ದುರುದ್ದೇಶದ್ದು," ಎನ್ನುತ್ತಾರೆ. ಬಕೆಟ್ಟು ತುಂಬಿದ್ದನ್ನು ಸಾಕ್ಷಿಯಾಗಿ ಹಾಜರುಪಡಿಸಿದರೆ, "ಪ್ರತಿವಾದಿಯು ಎರಡು ವಾರ ಕಾಲಾವಕಾಶ ಕೋರುತ್ತಾನೆ." ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಇದೆಲ್ಲ ನನ್ನಿಂದ ತಗುಲಿದ ರೋಗ.

ಸೇರಿದ ಎರಡನೇ ತಿಂಗಳೋ ಮೂರನೇ ತಿಂಗಳೋ, ಮಾಮಾ ನನ್ನನ್ನು ಫೈಲಿನ ಜೊತೆ ಹೈಕೋರ್ಟಿಗೆ ಕರೆದುಕೊಂಡು ಹೋಗಿದ್ದರು. ದೇವಸ್ಥಾನಕ್ಕೆ ಬಂದವರಿಗೆ ಅರ್ಚಕರು ಮೂರ್ತಿ ತೋರಿಸುವಂತೆ, ಒಂದು ಕಂಬದ ಮೇಲಿನ ಕೆತ್ತನೆಯತ್ತ ಬೊಟ್ಟು ಮಾಡಿದರು. ಅಲ್ಲೊಂದು ಮಂಗ. ಕೈಯಲ್ಲಿ ನ್ಯಾಯದ ತಕ್ಕಡಿ, ಒಂದು ಕಣ್ಣಿಗೆ ಬಟ್ಟೆ. ಒಂದೇ ಕಣ್ಣಿಗೆ. ಇನ್ನೊಂದು ಕಡೆ ಕೊರಳಿಗೆ ವಕೀಲರ ಬಿಳಿ ಪಟ್ಟಿ ಕಟ್ಟಿಕೊಂಡ ನರಿ. ಆ ಕಟ್ಟಡ ಮುಗಿದದ್ದು 1878ರಲ್ಲಿ. ಕೆಲಸ ನಡೆಯುತ್ತಿದ್ದಾಗ ಪಾರ್ಸಿ ಗುತ್ತಿಗೆದಾರನೊಬ್ಬ ತನ್ನದೇ ಒಂದು ಕೇಸಿನಲ್ಲಿ ಸೋತು, ಆ ಸಿಟ್ಟನ್ನು ಹೀಗೆ ಕಲ್ಲಿನಲ್ಲಿ ತೀರಿಸಿಕೊಂಡನೆಂದು ಕೋರ್ಟಿನ ಗುಮಾಸ್ತರು ಹೇಳುವ ಕತೆ. ಕತೆ ನಿಜವೋ ಅಲ್ಲವೋ, ಮಂಗ ನಿಜ. ಎಷ್ಟು ದೊಡ್ಡ ದೊಡ್ಡ ನ್ಯಾಯಮೂರ್ತಿಗಳು ಬಂದು ಹೋದರೂ ಅದನ್ನು ಯಾರೂ ಎಬ್ಬಿಸಿ ಕಳಿಸಿಲ್ಲ. ಕೂಲಿಗೆ ಕಲ್ಲು ಕೆತ್ತುತ್ತಿದ್ದ ಯಾರದೋ ಕೈ ಆ ಕಣ್ಣಿಗೆ ಬಟ್ಟೆ ಕಟ್ಟುವಾಗ ಎಷ್ಟು ನಕ್ಕಿರಬೇಕು ಎಂದು ನನಗೆ ಆಗಾಗ ಅನಿಸುತ್ತದೆ. ಬೇಜಾರಾದ ದಿನ ಯಾವುದಾದರೂ ನೆಪ ಮಾಡಿಕೊಂಡು ಕೋರ್ಟಿಗೆ ಫೈಲು ಒಯ್ಯುವುದು ನನಗೆ ರೂಢಿಯಾಯಿತು.

ಹೋಗಿಬರುವ ದಾರಿಯ ಬಗ್ಗೆ ನಿಮಗೇನು ಹೇಳುವುದು, ಈ ಪತ್ರಿಕೆ ಓದುವವರಲ್ಲಿ ಅರ್ಧ ಜನ ಅದೇ ದಾರಿಯವರು. ಮೂವರ ಬೆಂಚಿನಲ್ಲಿ ಅರ್ಧ ಮೈ ಊರಿ ಕೂರುವ ನಾಲ್ಕನೇ ಸೀಟಿನ ಸುಖ, ಬಟಾಣಿ ಸುಲಿಯುತ್ತ ಅತ್ತೆಯ ವಿಚಾರಣೆ ನಡೆಸುವವರು, ನವರಾತ್ರಿಯ ಒಂಬತ್ತು ದಿನ ಒಂಬತ್ತು ಬಣ್ಣ. ಬೂದು ಬಣ್ಣದ ದಿನ ಲೇಡೀಸ್ ಡಬ್ಬಿಯ ಎಲ್ಲರೂ ಗೊಣಗುತ್ತಾರೆ, ಎಲ್ಲರೂ ಬೂದು ಬಣ್ಣವನ್ನೇ ಉಟ್ಟುಕೊಂಡು ಬರುತ್ತಾರೆ. ನನಗೆ ಎಲ್ಲಕ್ಕಿಂತ ಪ್ರಿಯವಾಗಿದ್ದದ್ದು ಪಾರ್ಸಿಕ್ ಸುರಂಗ. 1916ರಲ್ಲಿ ತೆರೆದದ್ದು, ಉದ್ದ ಸುಮಾರು 1.3 ಕಿಲೋಮೀಟರ್. ಫಾಸ್ಟ್ ಲೋಕಲ್ ಅದರೊಳಗೆ ನುಗ್ಗಿದ ಕೂಡಲೇ ಮೇ ತಿಂಗಳಲ್ಲೂ ಬಾವಿಯ ತಳದಂಥ ತಂಪು, ಒದ್ದೆ ಮಣ್ಣಿನ ವಾಸನೆ. ಯಾರ ಮಾತೂ ಯಾರಿಗೂ ಕೇಳದಷ್ಟು ಗದ್ದಲ. ಆ ಒಂದು ನಿಮಿಷ ನಾನು ಗಟ್ಟಿಯಾಗಿ ಹಾಡುತ್ತಿದ್ದೆ. ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ಬಾಯಿ ಆಡುವುದನ್ನು ನೋಡಿ ಜಪ ಎಂದುಕೊಂಡು ಒಬ್ಬಾಕೆ ಯಾವ ಮಂತ್ರ ಎಂದು ಕೇಳಿದ್ದೂ ಉಂಟು. 2022ರ ಫೆಬ್ರವರಿಯಲ್ಲಿ ಹೊಸ ಹಳಿಗಳು ಸಿದ್ಧವಾಗಿ ಫಾಸ್ಟ್ ಲೋಕಲ್‌ಗಳು ಕಳವಾ, ಮುಂಬ್ರಾ ಕಡೆಯಿಂದ ಹೋಗತೊಡಗಿದವು, ಸುರಂಗ ದೂರದೂರಿನ ರೈಲುಗಳ ಪಾಲಾಯಿತು. ನನ್ನ ಸಂಗೀತಾಭ್ಯಾಸ ಅಲ್ಲಿಗೆ ಮುಗಿಯಿತು.

ಆದರೆ ಲೋಕಲ್ಲಿನ ಗುಣಗಾನ ಮಾಡುವ ಬರಹಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2025ರ ಜೂನ್ 9ರ ಬೆಳಿಗ್ಗೆ ಅದೇ ಮುಂಬ್ರಾದ ತಿರುವಿನಲ್ಲಿ, ಬಾಗಿಲಲ್ಲಿ ಜೋತಾಡುತ್ತಿದ್ದವರು ಕೆಳಗೆ ಬಿದ್ದು ಸತ್ತರು. ಮರುದಿನ ಅದೇ ಜಾಗ ದಾಟುವಾಗ ನಮ್ಮ ಡಬ್ಬಿಯಲ್ಲಿ ಯಾರೂ ಬಟಾಣಿ ಸುಲಿಯಲಿಲ್ಲ. ಮುಂಬೈಯ ಛಲ, ಮುಂಬೈಯ ಚೈತನ್ಯ ಎನ್ನುವವರು ಒಮ್ಮೆ ಬೆಳಗಿನ ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಹತ್ತಿ ತೋರಿಸಲಿ.

ಇದನ್ನೇ ನನ್ನ ಮಗಳು ನನ್ನ ಕಡೆಗೆ ತಿರುಗಿಸಿದಳು. ಅವಳು ಹೈದರಾಬಾದಿನಲ್ಲಿ, ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಹೋದ ಜುಲೈಯಲ್ಲಿ ನನ್ನ ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬಲು ಕೂತವಳು ನನ್ನ ಪಗಾರದ ಅಂಕಿ ನೋಡಿ ಸುಮ್ಮನಾದಳು. ಆಮೇಲೆ, "ಅಮ್ಮ, ಇಪ್ಪತ್ತಾರು ವರ್ಷಕ್ಕೆ ಇಷ್ಟೇನಾ?" ಎಂದಳು. ಅವಳ ಮೊದಲ ವರ್ಷದ ಪಗಾರ ಇದಕ್ಕಿಂತ ಜಾಸ್ತಿ ಇತ್ತು. ನಾನು ಮಾತು ತಿರುಗಿಸಲು ಮಾಮಾನ ಕತೆ ಏನೋ ತೆಗೆದೆ. ಅವಳು ನಗಲಿಲ್ಲ. "ನಿನ್ನ ಮಂಗ, ನಿನ್ನ 420, ಇವೆಲ್ಲ ಸೇರಿ ನಿನ್ನನ್ನು ಅಲ್ಲೇ ಕಟ್ಟಿಹಾಕಿವೆ. ಅವು ಇಲ್ಲದಿದ್ದರೆ ನೀನು ಎಂದೋ ಜಗಳ ಆಡಿರುತ್ತಿದ್ದೆ. ನಿನ್ನ ಖುಷಿಯಿಂದ ಲಾಭ ಆಗಿದ್ದು ಅವರಿಗೆ."

ಒಂದು ವಾರ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವಳ ಆಫೀಸಿನಲ್ಲಿ ಖುಷಿಗೇ ಒಂದು ದಿನ ಇದೆ, ಫನ್ ಫ್ರೈಡೇ. ಬಲೂನು, ಬಿಂಗೊ, ಬೀನ್ ಬ್ಯಾಗು, ಮೇಲೆ ಎಚ್‌ಆರ್‌ನವರ ಫೋಟೊ. ಬಾರದವರಿಗೆ ಯಾಕೆ ಬರಲಿಲ್ಲ ಎಂದು ಮೆಸೇಜು. ಅವಳೇ ಹೇಳಿ ನಕ್ಕಿದ್ದಳು, "ನಗುವುದಕ್ಕೂ ಹಾಜರಿ ಹಾಕುತ್ತಾರಮ್ಮ." ಅದಕ್ಕೂ ನಮ್ಮ 420ಕ್ಕೂ ವ್ಯತ್ಯಾಸ ಇದೆ ಎಂದು ನನಗೆ ಗೊತ್ತಿತ್ತು. ಏನು ಎಂದು ಹೇಳಲು ಮಾತ್ರ ಬರಲಿಲ್ಲ. ಆಗ ನೆನಪಾದವರು ನನ್ನ ಮಾವನವರು.

ಮಾವನವರು ಹದಿಮೂರು ವರ್ಷಕ್ಕೆ ಮುಂಬೈಗೆ ಬಂದವರು. ಫೋರ್ಟಿನ ಒಂದು ಹಳೇ ಕಟ್ಟಡದ ಕ್ಯಾಂಟೀನಿನಲ್ಲಿ ಚಹಾ ಕೊಡುವ ಹುಡುಗ. ಬೆಳಿಗ್ಗೆ ಐದಕ್ಕೆ ಏಳಬೇಕು, ದಿನವಿಡೀ ಮಾಳಿಗೆ ಮಾಳಿಗೆ ಹತ್ತಿ ಇಳಿಯಬೇಕು, ಸಂಜೆ ಕನ್ನಡದ ರಾತ್ರಿ ಶಾಲೆ, ಮಲಗುವುದು ಕ್ಯಾಂಟೀನಿನ ಮೇಜಿನ ಮೇಲೆ. ಬಲ ಮುಂಗೈಯಲ್ಲಿ ಸುಟ್ಟ ಕಲೆ ಕೊನೆತನಕ ಇತ್ತು. ಈ ಕತೆಯನ್ನು ಅವರು ಯಾವತ್ತೂ ರುಚಿಕಟ್ಟಾಗಿ ಹೇಳಿದವರಲ್ಲ. ಒಂದು ಸಂಜೆ ಮಾತ್ರ, ಬಾಲ್ಕನಿಯಲ್ಲಿ ಕೂತು, ಹಿತ್ತಾಳೆ ಫಲಕಗಳ ಬಗ್ಗೆ ಹೇಳಿದರು. ಆ ಕಟ್ಟಡದ ಬಾಗಿಲು ಬಾಗಿಲಿಗೂ ಹಿತ್ತಾಳೆಯ ಹೆಸರಿನ ಫಲಕ. ಚಹಾದ ತಂತಿ ಬುಟ್ಟಿ ಹಿಡಿದು ಹತ್ತುವಾಗ ದಿನಕ್ಕೊಂದು ಫಲಕ ಓದಬೇಕೆಂದು ಅವರು ತಮಗೆ ತಾವೇ ಹಾಕಿಕೊಂಡ ಪಂಥ. ಹೆಚ್ಚಿನವು ಪಾರ್ಸಿ ಹೆಸರುಗಳು, ರೆಡಿಮನಿ, ಬಾಟ್ಲಿವಾಲಾ, ಕಾಂಟ್ರಾಕ್ಟರ್. ಇಂಗ್ಲಿಷು ಬಾರದ ಹುಡುಗ ಅಕ್ಷರ ಕೂಡಿಸಿ ಕೂಡಿಸಿ ಓದಿ, ಅರ್ಥ ತಿಳಿದ ದಿನ ಮೆಟ್ಟಿಲ ಮೇಲೆಯೇ ನಕ್ಕು ಚಹಾ ಚೆಲ್ಲಿಕೊಂಡನಂತೆ. ಆಮೇಲೆ ತನಗೂ ಒಂದು ಹೆಸರು ಇಟ್ಟುಕೊಂಡ: ಆರುಗ್ಲಾಸ್‌ವಾಲಾ. ಮೂರನೇ ಮಾಳಿಗೆಯ ಗೋಡೆಯಲ್ಲಿ ಫಲಕ ಕಿತ್ತುಹೋದ ಖಾಲಿ ಜಾಗ ಒಂದಿತ್ತು, ಅದು ಆರುಗ್ಲಾಸ್‌ವಾಲಾ ಅಂಡ್ ಕಂಪನಿಯ ಆಫೀಸು.

"ಮಾವ, ಅಷ್ಟು ಕಷ್ಟದಲ್ಲಿ ಇದೆಲ್ಲ ಹೇಗೆ ಹೊಳೆಯಿತು ನಿಮಗೆ?" ಎಂದು ಕೇಳಿದ್ದೆ.

"ಹೊಳೆಯದೆ ಎಂತ ಮಾಡೂದು ಮಾರಾಯ್ತಿ. ಇಡೀ ದಿನ ನಾನು ಅವನ ಮಾಣಿ. ಆ ಮೂರನೇ ಮಾಳಿಗೆ ಹತ್ತುವಷ್ಟು ಹೊತ್ತು ಮಾತ್ರ ಅವನ ಮಾಣಿ ಅಲ್ಲ."

ಫೋನಿನಲ್ಲಿ ಮಗಳಿಗೆ ಇದನ್ನು ಹೇಳಿದೆ. ನಿಮ್ಮ ಫನ್ ಫ್ರೈಡೇ ಕಂಪನಿಯದ್ದು, ಆ ಮೆಟ್ಟಿಲು ಅಜ್ಜನದ್ದು ಎಂದೆ. ನನ್ನ ವಾದ ಗೆದ್ದಿತೆಂದೇ ತಿಳಿದಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ ಆ ಕ್ಯಾಂಟೀನಿನಲ್ಲಿ ಎಷ್ಟು ವರ್ಷ ಇದ್ದರು?" ಎಂದಳು.

ಆರು ವರ್ಷ. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ತಾನು ಚಹಾ ಕೊಡುತ್ತಿದ್ದ ಕಟ್ಟಡದ್ದೇ ಒಂದು ಆಫೀಸಿನಲ್ಲಿ ಗುಮಾಸ್ತನಾದರು. ಎರಡು ತಿಂಗಳ ಬಾಕಿ ಪಗಾರವನ್ನು ಕ್ಯಾಂಟೀನಿನ ಧಣಿಯ ಎದುರು ನಿಂತು ಎಣಿಸಿ ತೆಗೆದುಕೊಂಡೇ ಹೊರಟವರು.

"ಹೌದಾ," ಎಂದಳು ಮಗಳು. ಮತ್ತೇನೂ ಹೇಳಲಿಲ್ಲ. ವಕೀಲೆ ಆಗಬೇಕಾಗಿದ್ದವಳು ಅವಳು.

ಈಗ ನಮ್ಮ ಆಫೀಸು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಹೋಗಲಿದೆ. ಹೈಕೋರ್ಟಿಗೂ ಬಾಂದ್ರಾ ಪೂರ್ವದಲ್ಲಿ ಹೊಸ ಕಟ್ಟಡ ಬರಲಿದೆ, ಅಲ್ಲಿ ಮಂಗನಿಗೆ ಜಾಗ ಇಟ್ಟಿದ್ದಾರೋ ಯಾರು ಬಲ್ಲರು. ಮಾಮಾ ನಿವೃತ್ತರಾಗಿ ಸತಾರಾಕ್ಕೆ ಹೋದರು, ಹೋಗುವಾಗ ನಂಬರಿಂಗ್ ಮಷೀನನ್ನು ಎಣ್ಣೆ ಹಚ್ಚಿ ನನ್ನ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಈಗ ಎಲ್ಲ ಇ-ಫೈಲಿಂಗು, ಒಂದು ಗುಂಡಿ ಒತ್ತಿದರೆ ಎಂಟುನೂರು ಪುಟಕ್ಕೂ ಒಟ್ಟಿಗೇ ನಂಬರು ಬಂದು ಕೂರುತ್ತದೆ. ಆದರೂ ಕೋರ್ಟಿಗೆ ಕಳಿಸುವ ಮೊದಲು ಹೊಸ ಹುಡುಗಿ ನನ್ನನ್ನು ಕೇಳದೆ 420ಕ್ಕೆ ಹೋಗಿ ನೋಡಿ ಬರುತ್ತಾಳೆ. ಮೊನ್ನೆ ಅಲ್ಲಿ ಇದ್ದದ್ದು ಒಂದು ಖಾಲಿ ಪುಟ. ಅದು ಒಳ್ಳೆಯ ಶಕುನವೋ ಕೆಟ್ಟದ್ದೋ ಎಂದು ನಾವಿಬ್ಬರೂ ಚರ್ಚಿಸಿ ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಹೊಸ ಆಫೀಸಿಗೆ ನಾನು ಕುರ್ಲಾದಲ್ಲಿ ಇಳಿದು ಶೇರ್ ರಿಕ್ಷಾಕ್ಕೆ ಸಾಲು ನಿಲ್ಲಬೇಕು. ರಿಕ್ಷಾದ ಖರ್ಚು ಬೇರೆ. ಹಾಗಾಗಿ ಕಳೆದ ಸೋಮವಾರ ಪಾಲುದಾರರಿಗೆ ಒಂದು ಪತ್ರ ಕೊಟ್ಟೆ. ಪಗಾರ ಮತ್ತು ಪ್ರಯಾಣ ಭತ್ಯೆ, ಎರಡನ್ನೂ ಬರೆದು ಕೇಳಿದ್ದು ಇಪ್ಪತ್ತಾರು ವರ್ಷಗಳಲ್ಲಿ ಇದೇ ಮೊದಲು. ಬರೆಯಲು ಕೂತಾಗ ಬೇರೆ ಭಾಷೆ ಬರಲಿಲ್ಲ, ಒಂದು, ಎರಡು, ಮೂರು ಎಂದು ಪ್ಯಾರಾಗಳಿಗೆ ಸಂಖ್ಯೆ ಹಾಕಿ, ಹನ್ನೊಂದು ವರ್ಷಗಳ ಪಗಾರದ ಚೀಟಿಗಳನ್ನು ಅನುಬಂಧವಾಗಿ ಲಗತ್ತಿಸಿ, ಡ್ರಾಯರಿನಿಂದ ಮಾಮಾನ ಮಷೀನು ತೆಗೆದು ಪ್ರತಿ ಪುಟಕ್ಕೂ ನಂಬರು ಗುದ್ದಿದೆ. ಮಷೀನನ್ನು ಎಷ್ಟರಿಂದ ಶುರುಮಾಡಿದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಹಿರಿಯ ಪಾಲುದಾರರು ಮೊದಲ ಪುಟ ನೋಡಿದರು, ಮೂಲೆಯ ನಂಬರು ನೋಡಿದರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಉತ್ತರಿಸಲು ಎರಡು ವಾರ ಕಾಲಾವಕಾಶ ಕೋರಿದ್ದಾರೆ.