ಹಿಂದಿನಿಂದ ಬರೋ ಹಾರ್ನ್

ಸೆಕೆಂಡ್ ಇಯರ್ ಶುರುವಾದಾಗ ಸೈಕಲ್‌ನಲ್ಲೇ ಕಾಲೇಜಿಗೆ ಬರೋದು ಅಂತ ತೀರ್ಮಾನ ಮಾಡಿದೆ. ಕತ್ರಿಗುಪ್ಪೆಯಿಂದ ಇಲ್ಲಿಗೆ ಸುಮಾರು 8 ಕಿಲೋಮೀಟರ್. ಬಸ್ಸಿಗೆ ಕಾಯೋ ಹೊತ್ತಲ್ಲಿ ಅರ್ಧ ದಾರಿ ಬಂದಿರ್ತೀನಿ, ಜಿಮ್ ದುಡ್ಡೂ ಉಳಿಯುತ್ತೆ ಅನ್ನೋದು ನನ್ನ ಲೆಕ್ಕ. ಕಾಲುನೋವು ಬರುತ್ತೆ ಅಂತ ಎಲ್ಲರೂ ಹೆದರಿಸಿದ್ರು. ಅದು ಒಂದೇ ವಾರದಲ್ಲಿ ಹೋಯ್ತು.

ಎರಡನೇ ವಾರ ನಾಯಂಡಹಳ್ಳಿ ಜಂಕ್ಷನ್ ಹತ್ತಿರ ಬಸ್ಸೊಂದು ನನ್ನನ್ನು ಓವರ್‌ಟೇಕ್ ಮಾಡಿ, ಸ್ಟಾಪಿಗೆ ಅಂತ ತಕ್ಷಣ ಎಡಕ್ಕೆ ತಿರುಗಿತು. ಹ್ಯಾಂಡಲ್‌ಗೂ ಬಸ್ಸಿಗೂ ಮಧ್ಯೆ ಒಂದು ಗೇಣು ಜಾಗ ಇತ್ತೇನೋ. ಬ್ರೇಕ್ ಹಿಡಿದೆ, ನಿಂತೆ, ಒಂದು ಗೀರೂ ಆಗಲಿಲ್ಲ. ಫಸ್ಟ್ ಅವರ್ ಮ್ಯಾಥ್ಸ್ ಕ್ಲಾಸಲ್ಲಿ ಪೆನ್ ಹಿಡಿದ ಕೈ ನಡುಗ್ತಾನೇ ಇತ್ತು. ಪಕ್ಕದಲ್ಲಿದ್ದ ಗೆಳೆಯ ಅಸೈನ್‌ಮೆಂಟ್ ಕೇಳಿದ್ದಕ್ಕೆ ಸುಮ್ಮಸುಮ್ಮನೆ ರೇಗಿದೆ. ಪಾಪ, ಅವನಿಗೆ ಏನೂ ಅರ್ಥ ಆಗಲಿಲ್ಲ.

ಅಪಾಯ ಕಂಡಾಗ ದೇಹದಲ್ಲಿ ಅಡ್ರಿನಲಿನ್ ಬಿಡುಗಡೆಯಾಗುತ್ತೆ. ಓಡು, ಇಲ್ಲಾ ಹೋರಾಡು ಅಂತ ಸಿಗ್ನಲ್. ಸೈಕಲ್ ಮೇಲೆ ಎರಡೂ ಆಗಲ್ಲ. ಎಡಕ್ಕೆ ಚರಂಡಿ, ಬಲಕ್ಕೆ ಕಾರು, ಹಿಂದೆ ಹಾರ್ನ್. ಯಾರು, ಎಷ್ಟು ಹತ್ತಿರ ಇದ್ದಾರೆ ಅಂತ ಕಾಣಲ್ಲ. ನೇರವಾಗಿ ಪೆಡಲ್ ತುಳೀತಾ ಇರಬೇಕು ಅಷ್ಟೆ. ಒಂದು ದಿನ ನೋಟ್‌ಬುಕ್ ಹಿಂದೆ ಕೈನೆಟಿಕ್ ಎನರ್ಜಿ ಲೆಕ್ಕ ಹಾಕಿದೆ. 1200 ಕೆಜಿ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿ, ಸೈಕಲ್ ಸೇರಿ 75 ಕೆಜಿಯ ನಾನು 15 ಕಿ.ಮೀ. ವೇಗದಲ್ಲಿ. ಕಾರಿನದ್ದು ನನ್ನ 100 ಪಟ್ಟಿಗಿಂತ ಜಾಸ್ತಿ ಬಂತು. ಹೆದರಿಕೆಗೆ ಕಾರಣ ಇದೆ ಅಂತ ಸಮಾಧಾನ ಆಯ್ತು, ಆದರೆ ಹೆದರಿಕೆ ಹೋಗಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿಬೀಳೋಕೆ ಶುರುಮಾಡಿದೆ. ಅಮ್ಮ ಯಾಕೋ ಅಂದ್ರು. ನಿಜ ಹೇಳಿದ್ರೆ ಸೈಕಲ್‌ಗೆ ಬೀಗ ಬೀಳುತ್ತೆ ಅಂತ ಹೇಳಲಿಲ್ಲ.

ಇಷ್ಟೆಲ್ಲಾ ಗೊತ್ತಿದ್ದೂ ಕಳೆದ ತಿಂಗಳು ನಾನೊಂದು ಕೆಲಸ ಮಾಡಿದೆ. ಸೈಕಲ್ ಪಂಕ್ಚರ್ ಆಗಿತ್ತು, ಅಪ್ಪನ ಸ್ಕೂಟರ್ ತಂದಿದ್ದೆ, ಇಂಟರ್ನಲ್ಸ್‌ಗೆ ಲೇಟಾಗಿತ್ತು. ಮುಂದೆ ವಯಸ್ಸಾದವರೊಬ್ಬರು ಹಳೇ ಸೈಕಲ್ಲಿನ ಕ್ಯಾರಿಯರ್‌ಗೆ ಬಾಳೆಎಲೆ ಕಟ್ಟು ಕಟ್ಟಿಕೊಂಡು ನಿಧಾನಕ್ಕೆ ಹೋಗ್ತಿದ್ರು. ಹಾರ್ನ್ ಒತ್ತಿದೆ, ಬಿಡಲೇ ಇಲ್ಲ. ಅವರ ಹೆಗಲು ಗಕ್ಕನೆ ಮೇಲಕ್ಕೆ ಎಗರಿತು. ತಿರುಗಿಯೂ ನೋಡದೆ ಚರಂಡಿ ಅಂಚಿಗೆ ಸರಿದು ದಾರಿ ಬಿಟ್ಟರು. ಮುಂದಿನ ಸಿಗ್ನಲ್ ರೆಡ್ ಇತ್ತು. ಅವರೂ ಬಂದು ನನ್ನ ಪಕ್ಕದಲ್ಲೇ ನಿಂತರು. ಸಾರಿ ಅನ್ನಬೇಕಿತ್ತು. ಹೆಲ್ಮೆಟ್ ಗ್ಲಾಸ್ ಕೆಳಗೆ ಎಳೆದುಕೊಂಡು ಸಿಗ್ನಲ್ ಟೈಮರ್ ನೋಡ್ತಾ ಕೂತೆ.

ಈಗ ಮತ್ತೆ ಸೈಕಲ್‌ನಲ್ಲೇ ಬರ್ತೀನಿ. ಹತ್ತು ನಿಮಿಷ ಜಾಸ್ತಿ ಆದರೂ ಆದಷ್ಟು ಒಳರಸ್ತೆ ಹಿಡೀತೀನಿ. ಕ್ಲಾಸಿಗೆ ಹೋಗೋ ಮುಂಚೆ ಸ್ಟ್ಯಾಂಡ್ ಪಕ್ಕದ ಕಟ್ಟೆ ಮೇಲೆ ಐದು ನಿಮಿಷ ಕೂರ್ತೀನಿ. ರೇಗೋದು ಸ್ವಲ್ಪ ಕಮ್ಮಿಯಾಗಿದೆ. ಆ ಗೆಳೆಯನಿಗೆ ಕಾರಣನೂ ಹೇಳಿದೆ.

ನಿಮ್ಮಲ್ಲಿ ತುಂಬಾ ಜನ ಬೈಕಲ್ಲಿ ಬರ್ತೀರಿ. ಮುಂದೆ ಸೈಕಲ್ ಕಂಡರೆ ಒಂದೂವರೆ ಮೀಟರ್ ಜಾಗ ಬಿಟ್ಟು ದಾಟಿ, ಜಾಗ ಇಲ್ಲದಿದ್ರೆ ಸ್ವಲ್ಪ ಕಾಯಿರಿ. ಹಾರ್ನ್ ಮೇಲಿಂದ ಹೆಬ್ಬೆರಳು ತೆಗೆದರೆ ಸಾಕು. ಬಾಳೆಎಲೆಯವರು ಇನ್ನೂ ನನಗೆ ಮತ್ತೆ ಸಿಕ್ಕಿಲ್ಲ. ಅದೇ ರಸ್ತೆಯಲ್ಲಿ ಹೋಗುವಾಗಲೆಲ್ಲ ನೋಡ್ತಿರ್ತೀನಿ.