ಗನ್ ನಿಂತ ಮೇಲೆ

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿ. ಸ್ಪೇರ್ ಪಾರ್ಟ್ಸ್ ಅಂಗಡಿಗಳ ಗದ್ದಲ ದಾಟಿದರೆ ತಗಡಿನ ಮಾಡಿನ ಟಿಂಕರಿಂಗ್ ಶೆಡ್ಡು. ಗಾಜಿಗೂ ಟೈರಿಗೂ ಹಳೇ ಪೇಪರ್ ಅಂಟಿಸಿಕೊಂಡ ಬೆಳ್ಳಿ ಬಣ್ಣದ ಕಾರು ನಡುವೆ ನಿಂತಿದೆ. ಬಣ್ಣ ಹೊಡೆದಾಗಿದೆ, ಕ್ಲಿಯರ್ ಕೋಟ್ ಬಾಕಿ. ಹೊರಗಿರುವ ಕಂಪ್ರೆಸರ್ ಗುಡುಗುಡಿಸಿ ಗಾಳಿ ತುಂಬಿಕೊಂಡು ತಟಕ್ಕನೆ ಸುಮ್ಮನಾಗುತ್ತದೆ.

ಒಳಗೆ ಬರಬೇಡಿ, ಬಾಗಿಲ ಹೊರಗೇ ದೂರ ನಿಂತು ನೋಡಿ.

ಮೇಸ್ತ್ರಿಯ ಕಣ್ಣು ಮೊದಲು ಹೋಗುವುದು ಗೋಡೆಯ ಆಂಜನೇಯನ ಪಟದ ಕಡೆಗೆ.

"ಊದುಬತ್ತಿ ಆರಿಸಿದ್ಯೇನೋ?"

"ಆಗ್ಲೇ ಆರಿಸ್ದೆ ಅಣ್ಣ."

ಭಕ್ತಿ ಕಡಿಮೆಯಾಗಿ ಕೇಳಿದ್ದಲ್ಲ. ಥಿನ್ನರ್ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು, ಕಿಡಿ ಎಲ್ಲಿದೆಯೋ ಅಲ್ಲಿಗೇ ಮುಟ್ಟುತ್ತದೆ. ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲ್ವಿನ್ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯೂ ಅದಕ್ಕೆ ಸೆಕೆಯೇ.

ಈಗ ಮೇಸ್ತ್ರಿ ಎರಡು ಡಬ್ಬಿ ತೆರೆಯುತ್ತಾನೆ. ದೊಡ್ಡದು ಕ್ಲಿಯರ್, ಸಣ್ಣದು ಹಾರ್ಡನರ್. ಆ ಸಣ್ಣದನ್ನು ನೋಡಿಟ್ಟುಕೊಳ್ಳಿ. ಅದರಲ್ಲಿರುವುದು ಐಸೊಸಯನೇಟ್. ಥಿನ್ನರ್ ಮೂಗಿಗೆ ಹೊಡೆದು ತನ್ನ ಸುದ್ದಿ ತಾನೇ ಹೇಳುತ್ತದೆ. ಇದು ಹಾಗೆ ಹೇಳುವುದಿಲ್ಲ. ಅಪಾಯದ ಮಟ್ಟ ಮುಟ್ಟಿದರೂ ವಾಸನೆ ಸಿಗದೆ ಹೋಗಬಹುದು. ವರ್ಷಗಟ್ಟಲೆ ಏನೂ ಆಗದವನಿಗೆ ಒಂದು ದಿನ ಉಬ್ಬಸ ಹಿಡಿಯಬಹುದು. ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಆಮೇಲೆ ಇಷ್ಟೇ ಇಷ್ಟು ಸಾಕು, ಎದೆ ಬಿಗಿಯುತ್ತದೆ. ಕೈಕಸುಬು ಅಲ್ಲಿಗೆ ಮುಗಿದಂತೆ.

ಹುಡುಗ ಕರ್ಚೀಫು ಮೂಗಿಗೆ ಕಟ್ಟಿಕೊಂಡು ಬರುತ್ತಾನೆ.

"ಅದು ಬಸ್‌ಸ್ಟ್ಯಾಂಡ್ ಧೂಳಿಗೆ ಕಣೋ. ಹೊರಗಿರು."

ಮೇಸ್ತ್ರಿಯ ಮುಖಕ್ಕೆ ಪೂರ್ತಿ ಗವಸು, ಅದಕ್ಕೆ ಸೊಂಟದಿಂದ ಗಾಳಿಯ ಪೈಪು. ಆ ಗಾಳಿ ಉಸಿರಾಟಕ್ಕೆಂದೇ ಇರುವ ಫಿಲ್ಟರ್ ದಾಟಿ ಬರುತ್ತಿದೆ. ಇದು ಎಲ್ಲ ಶೆಡ್ಡಿನಲ್ಲೂ ಕಾಣುವ ಸಾಮಾನಲ್ಲ, ಕಾಣಬೇಕಿತ್ತು. ಕಾರ್ಟ್ರಿಜ್ ಮಾಸ್ಕೇ ಆದರೆ, ಅಂಚಿಗೆ ಗಡ್ಡ ಸಿಕ್ಕಿದರೂ ಆ ಸಂದಿಯಿಂದ ಮಂಜು ಒಳನುಗ್ಗುತ್ತದೆ.

ಎಕ್ಸಾಸ್ಟ್ ಫ್ಯಾನ್ ಶುರುವಾಯಿತು. ಮೇಸ್ತ್ರಿ ಸ್ಪ್ರೇ ಗನ್ನಿನ ಟ್ರಿಗರ್ ಒತ್ತಿದ, ಸುಯ್ ಎಂಬ ಸದ್ದು. ಬಾನೆಟ್ಟಿನ ಮೇಲೆ ಕೈ ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ ಆ ತುದಿಯಿಂದ ಈ ತುದಿಗೆ ಸರಿಯುತ್ತಿದೆ. ಪ್ರತಿ ಪಟ್ಟಿ ಹಿಂದಿನದರ ಅರ್ಧಭಾಗವನ್ನು ಮುಚ್ಚುತ್ತ ಹೋಗುತ್ತದೆ. ಟ್ಯೂಬ್‌ಲೈಟಿನ ಸುತ್ತ ಬಿಳಿ ಮಂಜು. ಕೊನೆಗೆ ಡಿಕ್ಕಿಯೂ ಮುಗಿದು ಸದ್ದು ನಿಂತಿತು. ಕ್ಷಣದಲ್ಲಿ ಮಂಜೂ ಕರಗಿತು. ಕಾರು ಥಳಥಳ.

"ಅಣ್ಣ, ಹೆಂಗ್ ಬಂತು ನೋಡ್ಲಾ?"

"ಬರಬೇಡ ಅಂದ್ನಲ್ಲ!"

ಗವಸು ಎತ್ತಿ ಹೊಳಪು ನೋಡುವ ಆಸೆ ಪ್ರತಿ ಪೇಂಟರ್‌ಗೂ ಬರುವುದು ಈಗಲೇ. ಆದರೆ ಕಣ್ಣಿಗೆ ಕಂಡದ್ದು ದಪ್ಪ ಹನಿ ಮಾತ್ರ. ಸಣ್ಣ ಹನಿ ಮಾಮೂಲಿ ಬೆಳಕಿನಲ್ಲಿ ಕಾಣುವುದೇ ಇಲ್ಲ, ಇನ್ನೂ ಗಾಳಿಯಲ್ಲೇ ತೇಲುತ್ತಿದೆ. ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಇಲಾಖೆ ಇದಕ್ಕೆಂದೇ ಕೃತಕ ಹೊಗೆ ಬಿಟ್ಟು, ಗಾಳಿ ತಿಳಿಯಾಗಲು ಎಷ್ಟು ಹೊತ್ತು ಬೇಕೆಂದು ಅಳೆದು ಬಾಗಿಲ ಮೇಲೆ ಬರೆದಿಡಲು ಹೇಳುತ್ತದೆ. ಒಳ್ಳೆಯ ಸ್ಪ್ರೇ ಬೂತ್‌ಗೆ 5 ನಿಮಿಷದೊಳಗೆ, ಸಾಧಾರಣ ಸ್ಪ್ರೇ ಕೋಣೆಗೆ 20 ನಿಮಿಷವೋ ಇನ್ನೂ ಹೆಚ್ಚೋ ಬೇಕು. ಎರಡು ಕಡೆ ತೆರೆದ ಶೆಡ್ಡು ಬೂತ್ ಆಗುವುದಿಲ್ಲ. ಮಂಜು ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೋಗುತ್ತದೆ, ಅಷ್ಟೇ.

ಮೇಸ್ತ್ರಿ ಗವಸು ಹಾಕಿಕೊಂಡೇ ದೂರ ನಡೆದು ಬಂದು ಬಿಚ್ಚುತ್ತಾನೆ. ಫ್ಯಾನ್ ಓಡುತ್ತಲೇ ಇದೆ. ಗನ್ ತೊಳೆಯುವಾಗ ಮತ್ತೆ ಮಾಸ್ಕ್, ಜೊತೆಗೆ ಗ್ಲೌಸು. ಗಾಳಿಗೆ ಥಿನ್ನರ್ ಊದಿ ತೆಗೆಯುವುದಿಲ್ಲ. ಕೈಗೆ ಥಿನ್ನರ್ ಅಲ್ಲ, ಸೋಪು.

ನೀವು ಗನ್ ಹಿಡಿಯುವವರೇ? ಸಂಜೆ, ರಾತ್ರಿ ಕೆಮ್ಮು ಬಂದು, ರಜೆಯಲ್ಲಿ ಕಡಿಮೆಯಾಗಿ, ಕೆಲಸಕ್ಕೆ ಹೋದೊಡನೆ ಮರುಕಳಿಸುತ್ತಿದೆಯೇ? ಡಾಕ್ಟರ ಹತ್ತಿರ ಬರೀ ಕೆಮ್ಮು ಎನ್ನಬೇಡಿ. ಹಾರ್ಡನರ್ ಬೆರೆಸಿದ ಪೇಂಟ್ ಹೊಡೆಯುತ್ತೇನೆ ಎಂದು ಹೇಳಿ, ಆ ಸಣ್ಣ ಡಬ್ಬಿಯ ಲೇಬಲ್ಲಿನ ಫೋಟೋ ತೋರಿಸಿ.